ಡ್ರೈವರ್ ನಮ್ಮೂರಿನವರೇ, ಆದರೂ ಕಾರು ಹತ್ತಲು ಭಯ

ಪ್ರಶ್ನೆ: ನನಗೆ 25 ವರ್ಷ. ಬೆಂಗಳೂರಿನಲ್ಲಿ ಕೆಲಸ. ಊರು ಬೇಲೂರು ದಾಟಿ ಅರೇಹಳ್ಳಿ ಕಡೆ. ಶುಕ್ರವಾರ ಕೆಲಸ ಮುಗಿಸಿ ಹೊರಟರೆ ಹಾಸನ ಬಸ್ ಸ್ಟ್ಯಾಂಡ್ ಮುಟ್ಟುವಾಗ ರಾತ್ರಿ ಹನ್ನೊಂದಾಗುತ್ತದೆ. ಅಷ್ಟೊತ್ತಿಗೆ ಊರಿಗೆ ಬಸ್ ಇರುವುದಿಲ್ಲ. ಅಪ್ಪ ಬೈಕಿನಲ್ಲಿ ಬರೋಣ ಅಂದರೆ ತೋಟದ ರಸ್ತೆಯಲ್ಲಿ ಆನೆ ಕಾಟ. ಅದಕ್ಕೆ ನಮ್ಮೂರಿನವರದ್ದೇ ಬಾಡಿಗೆ ಕಾರು ಹೇಳಿದ್ದಾರೆ. ಅವರಿಗೆ ನಲವತ್ತು ದಾಟಿದೆ, ಅಣ್ಣ ಅಂತಲೇ ಕರೆಯುತ್ತೇನೆ. ಮೊದಮೊದಲು ಸರಿಯಾಗೇ ಇದ್ದರು. ಈಗೀಗ ಕನ್ನಡಿಯನ್ನು ನನ್ನ ಕಡೆ ತಿರುಗಿಸಿಕೊಳ್ಳುತ್ತಾರೆ, ಮುಂದಿನ ಸೀಟಿಗೆ ಬಾ ಅನ್ನುತ್ತಾರೆ, ಬಾಯ್‌ಫ್ರೆಂಡ್ ಇದ್ದಾನಾ ಅಂತ ಕೇಳುತ್ತಾರೆ. ಹೋದ ಸಲ ಬೇಲೂರು ದಾಟಿದ ಮೇಲೆ ಬೇರೆ ದಾರಿ ಹಿಡಿದು, ತೋಟದ ನಡುವೆ ಕಾರು ನಿಲ್ಲಿಸಿ, ‘ಸ್ವಲ್ಪ ಹೊತ್ತು ಮಾತಾಡೋಣ, ಮನೇಲಿ ಹೇಳ್ಬೇಡ’ ಅಂದರು. ಅಪ್ಪನ ಫೋನ್ ಬರ್ತಿದೆ ಅಂತ ಸುಳ್ಳು ಹೇಳಿದೆ, ಹೊರಟರು. ಆಮೇಲಿಂದ ರಾತ್ರಿ ಹೊತ್ತು ಮೆಸೇಜ್ ಹಾಕುತ್ತಾರೆ. ಅಮ್ಮನಿಗೆ ಅರ್ಧ ಹೇಳಿದೆ. ‘ಅವ್ರು ನಮ್ಮೋರು, ನಿಂಗೇ ಹಂಗನ್ಸಿರಬೇಕು’ ಅಂದರು. ಅಜ್ಜಿಗೆ ರಾತ್ರಿ ಹುಷಾರು ತಪ್ಪಿದಾಗ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೂ ಅವರೇ. ಅಪ್ಪನಿಗೆ ಹೇಳಿದರೆ ಜಗಳ ಆಗುತ್ತದೆ, ಇಲ್ಲ ಕೆಲಸ ಬಿಡು ಅನ್ನುತ್ತಾರೆ. ಏನೂ ಆಗಿಲ್ಲವಲ್ಲ, ನಾನೇ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ? ಊರಿಗೆ ಹೋಗೋದನ್ನೇ ಕಡಿಮೆ ಮಾಡಲಾ?
ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಂಗಿ, ಮೊದಲಿಗೆ ಇಷ್ಟು ಮಾಡಿ. ಇನ್ನು ಆ ಕಾರು ಹತ್ತಬೇಡಿ. ಒಂದೇ ಒಂದು ಸಲಕ್ಕೂ ಬೇಡ. ಮಳೆ ಇದ್ದರೂ ಬೇಡ, ಅಪ್ಪ ಬಾಡಿಗೆ ಮೊದಲೇ ಕೊಟ್ಟಿದ್ದರೂ ಬೇಡ. ಮಿಕ್ಕಿದ್ದನ್ನು ನಿಧಾನವಾಗಿ ನೋಡೋಣ.

‘ಏನೂ ಆಗಿಲ್ಲ’ ಅಂತ ಬರೆದಿದ್ದೀರಿ. ಆಗಿದೆ. ನಡುರಾತ್ರಿ, ನಿಮ್ಮನ್ನು ಕೂರಿಸಿಕೊಂಡು, ಹೇಳದೆ ಕೇಳದೆ ದಾರಿ ಬದಲಿಸಿ, ಜನ ಇಲ್ಲದ ಕಡೆ ಕಾರು ನಿಲ್ಲಿಸಿ, ಮನೆಯಲ್ಲಿ ಹೇಳಬೇಡ ಅಂದಿದ್ದಾನೆ. ಆ ಕೊನೆಯ ಮಾತು ಗಮನಿಸಿ. ಮಾಡುತ್ತಿರುವುದು ಸರಿಯಲ್ಲ ಅಂತ ಆತನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದಕ್ಕೇ ಹಾಗೆ ಹೇಳಿದ್ದು. ಆ ಹೊತ್ತಿನಲ್ಲಿ ಅಪ್ಪನ ಫೋನ್ ಬರ್ತಿದೆ ಅನ್ನೋದು ನಿಮಗೆ ಹೊಳೆಯಿತಲ್ಲ, ತುಂಬಾ ಒಳ್ಳೆಯದಾಯಿತು. ಹಾಗೆ ಸುಳ್ಳು ಹೇಳಬೇಕಾಗಿ ಬಂತು ಅಂದರೇ ಪರಿಸ್ಥಿತಿ ಏನಿತ್ತು ಅಂತ ನಿಮ್ಮ ಮನಸ್ಸಿಗೆ ಅರ್ಥವಾಗಿತ್ತು ಅಂತ ತಾನೇ? ನಿಮ್ಮ ಯೋಚನೆಯಲ್ಲಿ ಏನೂ ಜಾಸ್ತಿ ಇಲ್ಲ.

ನಿಮಗೆ ಅನುಮಾನ ಯಾಕೆ ಬರುತ್ತಿದೆ ಅನ್ನೋದೂ ನನಗೆ ಗೊತ್ತಾಗುತ್ತದೆ. ಒಂದೊಂದನ್ನೇ ಬಿಡಿಸಿ ನೋಡಿದರೆ ಎಲ್ಲದಕ್ಕೂ ಒಂದು ಸಬೂಬು ಸಿಗುತ್ತದೆ. ಕನ್ನಡಿ ತಿರುಗಿಸಿದ್ದು ಹಿಂದಿನ ಗಾಡಿ ನೋಡೋಕೆ ಇರಬಹುದು. ನಮ್ಮ ಕಡೆ ಮದುವೆ ಯಾವಾಗ, ಯಾರಾದರೂ ಇದ್ದಾರಾ ಅಂತ ಪರಿಚಯದವರೆಲ್ಲ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ಕೂಡ ಕೇಳುತ್ತಾರೆ. ಆದರೆ ನಿಮ್ಮ ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದರೆ ಆತ ಇದೇ ಮಾತು ಆಡುತ್ತಿದ್ದನಾ, ಇದೇ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದನಾ, ಹನ್ನೆರಡು ಗಂಟೆಗೆ ಇದೇ ಮೆಸೇಜ್ ಹಾಕುತ್ತಿದ್ದನಾ ಅಂತ ಕೇಳಿಕೊಳ್ಳಿ. ಇಲ್ಲ ಅಂತ ನಿಮಗೂ ಗೊತ್ತು. ಹಾಗಿದ್ದ ಮೇಲೆ ಇದನ್ನು ಸಲುಗೆ ಅನ್ನೋಕಾಗಲ್ಲ. ನೀವು ಒಬ್ಬರೇ ಇರೋದನ್ನು ನೋಡಿ ಎಷ್ಟು ದೂರ ಹೋಗಬಹುದು ಅಂತ ಆತ ಸ್ವಲ್ಪ ಸ್ವಲ್ಪವೇ ಅಳೆಯುತ್ತಿದ್ದಾನೆ.

ಅಮ್ಮ ಹೇಳಿದ ‘ನಮ್ಮೋರು’ ಅನ್ನೋ ಮಾತು ನಮ್ಮ ಊರುಗಳಲ್ಲಿ ಎಷ್ಟು ತೂಕದ್ದು ಅಂತ ನನಗೆ ಗೊತ್ತು. ಕಾಫಿ ತೋಟದ ಕಡೆ ಒಂದೊಂದು ಮನೆ ಒಂದೊಂದು ಗುಡ್ಡದ ಮೇಲೆ. ರಾತ್ರಿ ಎದೆನೋವು ಬಂದರೆ, ಹೆರಿಗೆ ನೋವು ಬಂದರೆ, ಮೊದಲು ಫೋನ್ ಹೋಗೋದು ಊರಲ್ಲಿ ಕಾರು ಇಟ್ಟುಕೊಂಡವನಿಗೆ. ಆತ ಬಂದರೆ ಜೀವ ಉಳಿಯುತ್ತದೆ. ನಿಯತ್ತಿನಿಂದ ಈ ಕೆಲಸ ಮಾಡೋ ಡ್ರೈವರ್‌ಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಹೆಣ್ಣುಮಗಳು ಒಬ್ಬಳೇ ಇದ್ದರೆ ಮನೆ ಬಾಗಿಲು ತೆಗೆಯುವ ತನಕ ಹೆಡ್‌ಲೈಟ್ ಹಾಕಿಕೊಂಡು ನಿಲ್ಲೋರು ಅವರು. ಅವರ ಮೇಲಿನ ನಂಬಿಕೆಯನ್ನೇ ಈತ ಉಪಯೋಗಿಸಿಕೊಳ್ಳುತ್ತಿದ್ದಾನೆ. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದು ದೊಡ್ಡ ಉಪಕಾರವೇ, ಇಲ್ಲ ಅನ್ನಲ್ಲ. ಆ ಋಣ ನಿಮ್ಮ ಮನೆಯವರು ಬೇರೆ ಹೇಗೆ ಬೇಕಾದರೂ ತೀರಿಸಲಿ. ನೀವು ಹಿಂದಿನ ಸೀಟಿನಲ್ಲಿ ಕೈ ನಡುಗಿಸಿಕೊಂಡು ಕೂತು ತೀರಿಸುವಂಥದ್ದಲ್ಲ ಅದು.

ಪರಿಚಯದ ಕಾರು ಅಂದರೆ ಇನ್ನೊಂದು ತೊಂದರೆಯೂ ಇದೆ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಡ್ರೈವರ್ ಹೆಸರು, ಗಾಡಿ ನಂಬರ್, ಹೋದ ದಾರಿ ಎಲ್ಲ ದಾಖಲೆಯಲ್ಲಿ ಉಳಿಯುತ್ತದೆ. ಅದರಿಂದ ಎಲ್ಲಾ ಸರಿಹೋಯಿತು ಅಂತಲ್ಲ. 2014ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಆ್ಯಪ್ ಟ್ಯಾಕ್ಸಿಯಲ್ಲೇ ಯುವತಿಯೊಬ್ಬಳ ಮೇಲೆ ಅತ್ಯಾಚಾರ ಆಯಿತು. ಆದರೂ ಅಲ್ಲಿ ಒಂದು ಸುಳಿವು ಉಳಿದಿರುತ್ತದೆ. ಊರಿನ ಕಾರಿಗೆ ಒಂದು ಫೋನ್ ಮಾಡಿ ‘ಮಗಳು ಬರ್ತಾಳೆ, ಕರ್ಕೊಂಡು ಬಾರಪ್ಪ’ ಅಂದರೆ ಮುಗೀತು. ಯಾವ ದಾರಿ, ಎಷ್ಟೊತ್ತಿಗೆ ಎಲ್ಲಿರಬೇಕು, ಯಾರೂ ಕೇಳಲ್ಲ. ಗುರುತಿಲ್ಲದ ಟ್ಯಾಕ್ಸಿಗೆ ಮಾಡುವ ಎಚ್ಚರಿಕೆಯನ್ನೆಲ್ಲ ಗುರುತಿನವನ ಕಾರಿಗೆ ಮಾಡೋದೇ ಇಲ್ಲ ಅಲ್ವಾ?

ಈಗ ಅಪ್ಪನ ವಿಷಯ. ಅಪ್ಪನಿಗೆ ಹೇಳಲೇಬೇಕು, ಅದೂ ಆ ಮನುಷ್ಯನಿಗೆ ಏನಾದರೂ ಹೇಳುವ ಮೊದಲೇ. ಯಾಕೆಂದರೆ ನೀವು ದೂರ ಇಡುತ್ತಿದ್ದೀರಿ ಅಂತ ಗೊತ್ತಾದ ತಕ್ಷಣ ಆತ ನಿಮ್ಮ ಮನೆ ಜಗಲಿಗೆ ಬಂದು ಕೂತು, ‘ನಿಮ್ಮ ಮಗಳು ದಾರಿಯುದ್ದಕ್ಕೂ ಯಾರ ಹತ್ರಾನೋ ಫೋನಲ್ಲಿ ಮಾತಾಡ್ತಾಳೆ, ನಾನು ಬುದ್ಧಿ ಹೇಳಿದ್ದಕ್ಕೆ ಹಿಂಗೆ’ ಅನ್ನಬಹುದು. ಇಂಥ ಕಥೆ ಮೊದಲು ಯಾರು ಹೇಳುತ್ತಾರೋ ಅವರದೇ ನಿಜವಾಗಿಬಿಡುತ್ತದೆ.

ಹೇಳುವಾಗ ಅರ್ಧ ಹೇಳಬೇಡಿ. ಅಮ್ಮನಿಗೆ ಅರ್ಧ ಹೇಳಿದ್ದರಿಂದಲೇ ಅವರಿಗೆ ಹಾಗನ್ನಿಸಿದ್ದು ಅಂತ ನನ್ನ ಊಹೆ. ಅಮ್ಮನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ, ಅವರಿಗೂ ಭಯವೇ, ಆ ಭಯ ಆ ಮಾತಾಗಿ ಹೊರಗೆ ಬಂದಿದೆ. ಈಗ ಮೊದಲು ಅಮ್ಮನಿಗೇ ಪೂರ್ತಿ ಹೇಳಿ, ಆ ಮೆಸೇಜ್‌ಗಳನ್ನು ತೋರಿಸಿ. ಆಮೇಲೆ ಇಬ್ಬರೂ ಕೂತು ಅಪ್ಪನ ಹತ್ತಿರ ಮಾತಾಡಿ. ಫೋನಿನಲ್ಲಿ ಆದರೂ ಪರವಾಗಿಲ್ಲ, ಆದರೆ ರಾತ್ರಿ ಬೇಡ, ಹಗಲು ಹೊತ್ತು ಅಪ್ಪ ತೋಟದಿಂದ ಬಂದು ಊಟ ಆದ ಮೇಲೆ. ‘ಏನು ಮಾಡ್ಲಿ ಅಪ್ಪ’ ಅಂತ ಶುರು ಮಾಡಬೇಡಿ. ಹಾಗಂದರೆ ತೀರ್ಮಾನ ಅವರ ಕೈಗೆ ಹೋಗುತ್ತದೆ, ಗಾಬರಿಯಲ್ಲಿ ಸುಲಭಕ್ಕೆ ಸಿಗುವ ತೀರ್ಮಾನ ಕೆಲಸ ಬಿಡು ಅನ್ನೋದೇ. ನಡೆದದ್ದನ್ನು ನಡೆದ ಹಾಗೇ ಹೇಳಿ. ಆಮೇಲೆ, ‘ಅಪ್ಪ, ನಾನು ಆ ಕಾರಲ್ಲಿ ಇನ್ನು ಬರಲ್ಲ. ಮುಂದಿನ ಸಲದಿಂದ ಹಿಂಗೆ ಬರ್ತೀನಿ, ನೀನು ಇಷ್ಟು ಸಹಾಯ ಮಾಡು’ ಅನ್ನಿ. ಕೆಲಸದ ಮಾತು ಬಂದರೆ, ತೊಂದರೆ ಆಗಿದ್ದು ಬೆಂಗಳೂರಿನಲ್ಲಲ್ಲ, ಬೇಲೂರು ದಾಟಿದ ಮೇಲೆ ಅಂತ ನೆನಪಿಸಿ. ಕೆಲಸ ಬಿಟ್ಟು ಊರಿಗೆ ಬಂದರೆ ಅದೇ ಮನುಷ್ಯ ಇರುವ ಕಡೆಗೇ ಬಂದ ಹಾಗಾಯಿತು.

ಅಪ್ಪ ಸಿಟ್ಟಿನಲ್ಲಿ ನಾಲ್ಕು ಜನರನ್ನು ಕಟ್ಟಿಕೊಂಡು ಆತನ ಮನೆಗೆ ಹೋಗೋದು ಬೇಡ ಅಂತಲೂ ಕೇಳಿಕೊಳ್ಳಿ. ಹೋದರೆ ಊರ ತುಂಬ ಮಾತಾಗುತ್ತದೆ, ಆ ಮಾತು ಕೊನೆಗೆ ನಿಮ್ಮ ಮೇಲೇ ಬರುತ್ತದೆ. ‘ಮಗಳನ್ನ ಕರ್ಕೊಂಡು ಬರೋಕೆ ನೀನು ಬೇಡ, ಅವಳಿಗೆ ಮೆಸೇಜ್ ಮಾಡಿದ್ದೆಲ್ಲ ನಾನು ನೋಡಿದ್ದೀನಿ’ ಅಂತ ಅಪ್ಪ ಒಂದೇ ಮಾತು ಹೇಳಲಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಅದಾದ ಮೇಲೆ ನೀವೇ ಆತನಿಗೆ ಒಂದು ಮೆಸೇಜ್ ಹಾಕಿ. ಅಣ್ಣ ಬೇಡ, ಸಾರಿ ಬೇಡ, ನಗುವ ಎಮೋಜಿ ಬೇಡ. ‘ಇನ್ನು ನನಗೆ ಮೆಸೇಜ್, ಫೋನ್ ಮಾಡಬೇಡಿ. ನಿಮ್ಮ ಕಾರಿನಲ್ಲಿ ಬರುವುದಿಲ್ಲ’ ಅಷ್ಟು ಸಾಕು. ಇದಕ್ಕೆ ಒಂದು ಕಾರಣ ಇದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಹೆಣ್ಣುಮಗಳು ಇಷ್ಟ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕ ಮಾಡೋದು, ಹಿಂದೆ ಬೀಳೋದು ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲಾಗಬಹುದು. ನಿಮ್ಮ ಆ ಒಂದು ಮೆಸೇಜ್ ಮುಂದೆ ಸಾಕ್ಷಿಯಾಗುತ್ತದೆ. ಹಳೆಯ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡಬೇಡಿ. ನೋಡಿದರೆ ಅಸಹ್ಯ ಆಗುತ್ತದೆ ನಿಜ, ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಗೆಳತಿಗೆ ಕಳಿಸಿಡಿ, ತಾರೀಖು, ಸಮಯ ಕಾಣುವ ಹಾಗೆ. ಆತ ಕಾರು ನಿಲ್ಲಿಸಿದ ದಿನ, ಜಾಗ, ಆಡಿದ ಮಾತು ಎಲ್ಲವನ್ನೂ ನೆನಪಿರುವಾಗಲೇ ಬರೆದಿಡಿ.

ಇಷ್ಟಾದರೂ ನಿಲ್ಲಿಸದಿದ್ದರೆ ದೂರು ಕೊಡಿ. ಕಾರು ನಿಲ್ಲಿಸಿದ್ದು ಬೇಲೂರು ತಾಲ್ಲೂಕಿನಲ್ಲಿ, ಆದ್ದರಿಂದ ಅಲ್ಲಿಗೇ ಹೋಗಬೇಕು ಅಂತೇನಿಲ್ಲ. ಝೀರೋ ಎಫ್‌ಐಆರ್ ಅಂತ ಇದೆ, ಯಾವ ಠಾಣೆಯಲ್ಲಿ ಕೊಟ್ಟರೂ ತೆಗೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಬೆಂಗಳೂರಿನಲ್ಲಿ ನೀವಿರುವ ಏರಿಯಾದ ಠಾಣೆಯಲ್ಲೂ ಕೊಡಬಹುದು, ಹಾಸನದ ಮಹಿಳಾ ಠಾಣೆಯಲ್ಲೂ ಕೊಡಬಹುದು. ಠಾಣೆಗೆ ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಮಹಿಳಾ ಸಹಾಯವಾಣಿ 181 ಇದೆ.

ಇನ್ನು ಮುಂದಿನ ಶುಕ್ರವಾರ. ಊರಿಗೆ ಹೋಗೋದನ್ನು ದಯವಿಟ್ಟು ಕಡಿಮೆ ಮಾಡಬೇಡಿ. ಅಪ್ಪ ಅಮ್ಮನ ಮನೆ ನಿಮ್ಮದು, ಅದನ್ನು ಆತನಿಗಾಗಿ ಬಿಡಬೇಡಿ. ಹಾಸನದಲ್ಲೋ ಬೇಲೂರಿನಲ್ಲೋ ಚಿಕ್ಕಮ್ಮ, ಅತ್ತೆ, ಗೆಳತಿ ಯಾರದಾದರೂ ಮನೆ ಇದ್ದರೆ ಶುಕ್ರವಾರ ರಾತ್ರಿ ಅಲ್ಲಿ ಮಲಗಿ, ಬೆಳಿಗ್ಗೆ ಬಸ್ ಹಿಡಿಯಿರಿ. ಇಲ್ಲವಾದರೆ ಶನಿವಾರ ಬೆಳಗಿನ ಜಾವ ಬೆಂಗಳೂರು ಬಿಡಿ. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೀರಿ. ಕರ್ನಾಟಕ ಸಾರಿಗೆಯ ಮಾಮೂಲಿ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡೂ ಇಲ್ಲ. ತಪ್ಪು ಆತನದು, ಸಮಯ ಬದಲಿಸಿಕೊಳ್ಳಬೇಕಾಗಿರೋದು ನೀವು. ಇದು ಅನ್ಯಾಯ, ನನಗೂ ಸಿಟ್ಟು ಬರುತ್ತದೆ. ಆದರೂ ಹೊಸ ಏರ್ಪಾಡು ಆಗುವ ತನಕ ಹೀಗೇ ಮಾಡಿ ಅಂತ ಹೇಳುತ್ತೇನೆ.

ರಾತ್ರಿಯೇ ಬರಬೇಕಾದ ದಿನವೂ ಬರುತ್ತದೆ, ಹಬ್ಬ, ಸಾವು, ಏನೋ ಒಂದು. ಆಗ ಬೇರೆ ಕಾರು ಹೇಳಿ, ಅಪ್ಪನೋ ತಮ್ಮನೋ ಅದೇ ಕಾರಿನಲ್ಲಿ ಹಾಸನಕ್ಕೆ ಬರಲಿ. ಊರಿನಿಂದ ಕಾರು ಖಾಲಿ ಬರುವ ಬದಲು ಅವರು ಕೂತು ಬಂದರೆ ಬಾಡಿಗೆ ಏನೂ ಹೆಚ್ಚಾಗಲ್ಲ, ಇದು ಎಷ್ಟೋ ಮನೆಯವರಿಗೆ ಹೊಳೆಯೋದೇ ಇಲ್ಲ. ಯಾರೂ ಬರೋಕಾಗದಿದ್ದರೆ ಹಳದಿ ಬೋರ್ಡಿನ ಗಾಡಿಯನ್ನೇ ಹೇಳಿ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಬಿಳಿ ಬೋರ್ಡಿನ ಸ್ವಂತ ಕಾರುಗಳನ್ನೂ ಬಾಡಿಗೆಗೆ ಓಡಿಸುತ್ತಾರೆ, ಅವಕ್ಕೆ ಟ್ಯಾಕ್ಸಿ ಪರ್ಮಿಟ್ ಇರೋದಿಲ್ಲ. ಹತ್ತುವ ಮೊದಲು ನಂಬರ್ ಪ್ಲೇಟಿನ ಫೋಟೊ ತೆಗೆದು ಮನೆಗೆ ಕಳಿಸಿ, ಡ್ರೈವರ್‌ಗೆ ಕೇಳುವ ಹಾಗೆ ಫೋನಿನಲ್ಲಿ ನಂಬರ್ ಹೇಳಿ. ಹೇಳಿದ ಡ್ರೈವರ್ ಬಾರದೆ ‘ಅವ್ನು ಬರಲಿಲ್ಲ, ನನ್ನ ಕಳ್ಸಿದ’ ಅಂತ ಇನ್ನೊಬ್ಬ ಬಂದರೆ ಹತ್ತಬೇಡಿ, ಮೊದಲು ಫೋನ್ ಮಾಡಿ ಕೇಳಿ. 2005ರಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳು ಕೊಲೆಯಾಗಿದ್ದು ಹೀಗೆ ಬೇರೆ ಡ್ರೈವರ್‌ನ ಬದಲಿಗೆ ಬಂದವನ ಗಾಡಿ ಹತ್ತಿದ್ದರಿಂದಲೇ.

ಕೂರೋದು ಹಿಂದೆ, ಡ್ರೈವರ್ ಸೀಟಿನ ಹಿಂಬದಿಗೇ. ಬಾಗಿಲು ಹಾಕಿಕೊಳ್ಳುವ ಮೊದಲು ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ನೋಡಿ. ಅದು ಹಾಕಿದ್ದರೆ ಒಳಗಿನಿಂದ ಬಾಗಿಲು ತೆಗೆಯೋಕಾಗಲ್ಲ, ತೆಗೆಸಿಯೇ ಹತ್ತಿ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಎಂಟು ಗಂಟೆವರೆಗೆ ಕಳಿಸಬಹುದು, ಆದರೆ ತೋಟದ ರಸ್ತೆಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಅದಕ್ಕೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಬೇಲೂರಿನಲ್ಲಿ ಒಂದು ಫೋನ್, ಅರೇಹಳ್ಳಿಯಲ್ಲಿ ಒಂದು ಫೋನ್ ಅಂತ ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಆ ಹೊತ್ತಿಗೆ ಫೋನ್ ಬರದಿದ್ದರೆ ಅವರು ಡ್ರೈವರ್‌ಗೇ ಮಾಡಲಿ. ಊರಿನ ಕಡೆಯ ಮ್ಯಾಪನ್ನು ಆಫ್‌ಲೈನ್ ಇಳಿಸಿಟ್ಟುಕೊಳ್ಳಿ, ನೆಟ್ ಇಲ್ಲದಿದ್ದರೂ ಜಿಪಿಎಸ್ ದಾರಿ ತೋರಿಸುತ್ತದೆ, ಕಾರು ದಾರಿ ತಪ್ಪಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದ ಕಡೆಯೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ 112ಕ್ಕೆ ಕಾಲ್ ಹೋಗುತ್ತದೆ, ಆದ್ದರಿಂದ ಕಡ್ಡಿ ಕಾಣಲಿಲ್ಲ ಅಂತ ಸುಮ್ನೆ ಕೂರಬೇಡಿ, ಒತ್ತಿ.

ಇದನ್ನು ಓದುವ ಅಪ್ಪಂದಿರಿಗೆ, ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ಮಗಳು ಅರ್ಧ ಹೇಳಿ ನಿಲ್ಲಿಸಿದರೆ ‘ಅವ್ನು ಅಂಥೋನಲ್ಲ’ ಅನ್ನಬೇಡಿ. ಆಮೇಲೇನಾಯ್ತು ಅಂತ ಕೇಳಿ. ಹೇಳಿದ ಮೇಲೆ ಅವಳ ಕೆಲಸ, ಓದು, ಓಡಾಟ ನಿಲ್ಲಿಸಬೇಡಿ. ನಿಲ್ಲಿಸಿದಿರೋ, ಮುಂದಿನ ಸಲ ಅವಳು ಏನನ್ನೂ ಹೇಳಲ್ಲ.

ಮತ್ತೆ ನಿಮಗೇ, ತಂಗಿ. ಅದೇ ಕಾರಿನಲ್ಲಿ ನಿಮ್ಮೂರಿನ ಬೇರೆ ಹುಡುಗಿಯರೂ ಓಡಾಡುತ್ತಿರಬಹುದು. ಧೈರ್ಯ ಬಂದಾಗ, ನಿಮಗೆ ಹತ್ತಿರದವಳು ಯಾರಾದರೂ ಇದ್ದರೆ, ಒಂದು ಸಲ ಮೆಲ್ಲಗೆ ಕೇಳಿ ನೋಡಿ. ಈಗಲೇ ಆಗಬೇಕು ಅಂತಿಲ್ಲ. ಈ ವಾರ ಅಮ್ಮನ ಹತ್ತಿರ ಪೂರ್ತಿ ಮಾತಾಡೋದು, ಮುಂದಿನ ಶುಕ್ರವಾರದ ಏರ್ಪಾಡು ಮಾಡೋದು, ಇವೆರಡು ಮೊದಲು ಆಗಲಿ. ಅಪ್ಪ ಏನಂದರು ಅಂತ ಬರೆಯಿರಿ, ಅವರು ಒಪ್ಪದಿದ್ದರೂ ಬರೆಯಿರಿ, ಆಗ ಮುಂದೇನು ಅಂತ ಯೋಚಿಸೋಣ.