ಟ್ಯಾಂಕ್ ನುಗ್ಗಿದರೆ ಸಾಕೇ? ಹಿಂದೆ ಯಾರು ಬರಬೇಕು?

ಟ್ಯಾಂಕ್ ಯುದ್ಧದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವೇ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದರೆ ಒಂದೇ ಪ್ರಶ್ನೆಯಾಗಿ ಸೇರಿಸಿದ್ದೇವೆ.

ಪ್ರಶ್ನೆ (ಬಸವನಗುಡಿ): 1940ರಲ್ಲಿ ಫ್ರಾನ್ಸ್ ಬಳಿ ಜರ್ಮನಿಗಿಂತ ಹೆಚ್ಚು ಟ್ಯಾಂಕ್ ಇದ್ದವು, ಕೆಲವಂತೂ ಹೆಚ್ಚು ಗಟ್ಟಿ ಇದ್ದವು ಅಂತ ಓದಿದ್ದೇನೆ. ಹಾಗಿದ್ದೂ ಜರ್ಮನ್ನರು ಹತ್ತೇ ದಿನದಲ್ಲಿ ಸಮುದ್ರದ ದಡ ಮುಟ್ಟಿದ್ದು ಹೇಗೆ?

ಉತ್ತರ: ನೀವು ಓದಿದ್ದು ನಿಜ. ಫ್ರಾನ್ಸಿನ ಶಾರ್ ಬಿ1 ಬಿಸ್ ಟ್ಯಾಂಕಿನ ಕವಚ 60 ಮಿ.ಮೀ. ದಪ್ಪ. ಒಡಲಲ್ಲಿ 75 ಮಿ.ಮೀ., ಟರೆಟ್‌ನಲ್ಲಿ (ಮೇಲೆ ತಿರುಗುವ ಗೋಪುರ) 47 ಮಿ.ಮೀ. ಫಿರಂಗಿ. ಎದುರಿಗೆ ಬಂದ ಜರ್ಮನ್ ಟ್ಯಾಂಕ್ ಪಾಂಜರ್ 2ರಲ್ಲಿ ಇದ್ದದ್ದು ಬರೀ 20 ಮಿ.ಮೀ. ಗನ್. ಆದರೆ ಶಾರ್ ಟರೆಟ್‌ನಲ್ಲಿ ಕೂರುತ್ತಿದ್ದವನು ಒಬ್ಬನೇ. ಶತ್ರುವನ್ನು ಹುಡುಕುವವನು, ಗುಂಡು ತುಂಬುವವನು, ಗುರಿ ಹಿಡಿಯುವವನು, ಹೊಡೆಯುವವನು, ಕೆಳಗಿನ ಚಾಲಕನಿಗೆ ದಾರಿ ಹೇಳುವವನು ಎಲ್ಲ ಅವನೇ. ಫ್ರೆಂಚ್ ಟ್ಯಾಂಕುಗಳಲ್ಲಿ ಬಹಳಷ್ಟಕ್ಕೆ ರೇಡಿಯೊ ಕೂಡ ಇರಲಿಲ್ಲ. ಜರ್ಮನ್ ಟ್ಯಾಂಕುಗಳಲ್ಲಿ ರೇಡಿಯೊ ಇತ್ತು. ದಾರಿ ಬದಲಾಯಿತೆಂದರೆ ಇಡೀ ತುಕಡಿ ನಿಮಿಷಗಳಲ್ಲಿ ತಿರುಗುತ್ತಿತ್ತು.

ಎರಡನೆಯ ಕಾರಣಕ್ಕೆ ಯಾರೂ ಅಷ್ಟು ಗಮನ ಕೊಡುವುದಿಲ್ಲ. ಆರ್ಡೆನ್ ಕಾಡಿನ ದಾರಿಯಲ್ಲಿ ಬಂದ ಜರ್ಮನ್ ಜನರಲ್ ಕ್ಲೈಸ್ಟ್‌ನ ಪಡೆಯಲ್ಲಿ ಟ್ಯಾಂಕುಗಳು 1,222, ಒಟ್ಟು ವಾಹನಗಳು ಸುಮಾರು 41,000. ಅಂದರೆ ಒಂದು ಟ್ಯಾಂಕಿನ ಹಿಂದೆ ಮೂವತ್ತಕ್ಕೂ ಹೆಚ್ಚು ಗಾಡಿ: ಪೆಟ್ರೋಲ್ ಲಾರಿ, ಮದ್ದುಗುಂಡಿನ ಲಾರಿ, ದೋಣಿ ಮತ್ತು ಸೇತುವೆ ಸಾಮಾನು, ರಿಪೇರಿ ವರ್ಕ್‌ಶಾಪ್, ವಿಮಾನ ನಿರೋಧಕ ಫಿರಂಗಿ. ಕಾಡಿನ ಇಕ್ಕಟ್ಟಿನ ರಸ್ತೆಗಳಲ್ಲಿ ಈ ಸಾಲು ಜಾಮ್ ಆಗಿ ಹಿಂದೆ ರೈನ್ ನದಿಯವರೆಗೂ ಚಾಚಿತ್ತು. ಆ ಎರಡು ಮೂರು ದಿನ ಮಿತ್ರಪಡೆಯ ವಿಮಾನಗಳು ಅದರ ಮೇಲೆ ಪೂರ್ತಿ ಬಲದಿಂದ ಎರಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಎಂಬುದು ನಮ್ಮ ಎಣಿಕೆ.

ಮೇ 13ರಂದು ಸೆಡಾನ್‌ನಲ್ಲಿ ಮ್ಯೂಸ್ ನದಿಯನ್ನು ಮೊದಲು ದಾಟಿದ್ದು ಟ್ಯಾಂಕ್ ಅಲ್ಲ, ರಬ್ಬರ್ ದೋಣಿಯಲ್ಲಿ ಹೋದ ಪದಾತಿ ಸೈನಿಕರು ಮತ್ತು ಎಂಜಿನಿಯರ್‌ಗಳು. ಭಾರಿ ಫಿರಂಗಿ ತಂದು ನಿಲ್ಲಿಸಲು ಜರ್ಮನ್ನರಿಗೆ ಇನ್ನೂ ಹಲವು ದಿನ ಬೇಕು ಎಂದು ಫ್ರೆಂಚರು ನಂಬಿದ್ದರು. ಆ ಕೆಲಸವನ್ನು ಸ್ಟೂಕಾ ವಿಮಾನಗಳು ಇಡೀ ಮಧ್ಯಾಹ್ನ ಬಾಂಬ್ ಸುರಿದು ಮಾಡಿ ಮುಗಿಸಿದವು. ಅದೇ ರಾತ್ರಿ ತೇಲು ಸೇತುವೆ ಎದ್ದಿತು, ಅದರ ಮೇಲೆ ಟ್ಯಾಂಕ್ ಹರಿದವು. ಮೇ 20ಕ್ಕೆ ಸಮುದ್ರ ಸಿಕ್ಕಿತು. ಅಷ್ಟರಲ್ಲಿ ಟ್ಯಾಂಕುಗಳಲ್ಲಿ ಸುಮಾರು ಅರ್ಧ ಏಟಿನಿಂದಲೋ ಕೆಟ್ಟೋ ಕೈಬಿಟ್ಟಿದ್ದವು. ಪದಾತಿ ದಳದ ಬಹುಪಾಲು ಇನ್ನೂ ಕುದುರೆ ಗಾಡಿಯ ಜತೆ ನಡೆದುಕೊಂಡೇ ಬರುತ್ತಿತ್ತು. ಮೇ 21ರಂದು ಅರಾಸ್ ಬಳಿ ಬ್ರಿಟಿಷ್ ಮಟಿಲ್ಡಾ ಟ್ಯಾಂಕುಗಳು ಪಕ್ಕದಿಂದ ನುಗ್ಗಿದಾಗ ಜರ್ಮನ್ನರ 37 ಮಿ.ಮೀ. ಗುಂಡು ತಾಗಿ ಜಾರಿತು. ಕೊನೆಗೆ ಕಾಪಾಡಿದ್ದು ವಿಮಾನ ಹೊಡೆಯಲು ತಂದಿದ್ದ 88 ಮಿ.ಮೀ. ಫಿರಂಗಿ. ಅದೂ ಟ್ಯಾಂಕುಗಳ ಹಿಂದಿನ ಅಂಥದ್ದೇ ಗಾಡಿ ಸಾಲಿನಲ್ಲಿ ಬಂದದ್ದು.

ಪ್ರಶ್ನೆ (ರಾಜಾಜಿನಗರ, ಎಂಜಿನಿಯರಿಂಗ್ ವಿದ್ಯಾರ್ಥಿ): ಒಂದು ಟ್ಯಾಂಕ್ ಎಷ್ಟು ಮೈಲೇಜ್ ಕೊಡುತ್ತದೆ ಸರ್? ನಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಉತ್ತರ: ನಗುವ ಪ್ರಶ್ನೆಯೇ ಅಲ್ಲ. ಯಾವ ಸೇನೆಯ ಸ್ಟಾಫ್ ಅಧಿಕಾರಿಯೂ ಮೊದಲು ಹಾಕುವ ಲೆಕ್ಕ ಇದೇ. ಟಿ-90 ಟ್ಯಾಂಕಿನ ಒಳಗೆ 1,200 ಲೀಟರ್ ಹಿಡಿಸುತ್ತದೆ. ಹಿಂದೆ ತಲಾ 200 ಲೀಟರ್‌ನ ಎರಡು ಡ್ರಮ್. ಒಟ್ಟು 1,600 ಲೀಟರ್‌ಗೆ ಒಳ್ಳೆಯ ರಸ್ತೆಯಲ್ಲಿ ಸುಮಾರು 550 ಕಿ.ಮೀ. ಅಂದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 3 ಲೀಟರ್. ಹೊಲ, ಮರಳು, ಕೆಸರಿಗೆ ಇಳಿದರೆ 5 ಲೀಟರ್ ಎಂದು ಹಿಡಿದುಕೊಳ್ಳಿ. ನಿಂತಾಗಲೂ ಖರ್ಚು ತಪ್ಪಿದ್ದಲ್ಲ. ಟರೆಟ್ ತಿರುಗಿಸಲು, ರೇಡಿಯೊಗೆ, ರಾತ್ರಿ ನೋಡುವ ಥರ್ಮಲ್ ಸೈಟ್‌ಗೆ ಕರೆಂಟ್ ಬೇಕು. ಎಂಜಿನ್ ಆಫ್ ಮಾಡಿ ಬಹಳ ಹೊತ್ತು ಕೂತರೆ ಬ್ಯಾಟರಿ ಇಳಿಯುತ್ತದೆ.

ಈಗ ರೆಜಿಮೆಂಟ್ ಲೆಕ್ಕ. ನಮ್ಮಲ್ಲಿ ಒಂದು ಆರ್ಮರ್ಡ್ ರೆಜಿಮೆಂಟ್ ಎಂದರೆ 45 ಟ್ಯಾಂಕ್. 14ರ ಮೂರು ಸ್ಕ್ವಾಡ್ರನ್, ಜತೆಗೆ ಕಮಾಂಡಿಂಗ್ ಆಫೀಸರರ ಹೆಡ್‌ಕ್ವಾರ್ಟರ್ಸ್‌ನಲ್ಲಿ 3. ಎಲ್ಲಕ್ಕೂ ಒಮ್ಮೆ ಫುಲ್ ಟ್ಯಾಂಕ್ ಮಾಡಿಸಲು 72,000 ಲೀಟರ್, ಅಂದರೆ 10,000 ಲೀಟರ್‌ನ ಟ್ಯಾಂಕರ್ ಲಾರಿ 8. ಹೊಲದಲ್ಲಿ 100 ಕಿ.ಮೀ. ನುಗ್ಗಿದರೆ 22,500 ಲೀಟರ್. ಇದರಲ್ಲಿ ಪದಾತಿ ಸೈನಿಕರನ್ನು ಹೊರುವ ಕವಚದ ಗಾಡಿ ಬಿಎಂಪಿ, ಫಿರಂಗಿ ಎಳೆಯುವ ಗಾಡಿ, ಆಂಬುಲೆನ್ಸ್ ಯಾವುದೂ ಸೇರಿಲ್ಲ.

ಎಡವುವುದು ಇಲ್ಲಿಯೇ. ಡಿಪೋದಿಂದ ಟ್ಯಾಂಕ್ 150 ಕಿ.ಮೀ. ದೂರ ಹೋಯಿತು ಅನ್ನಿ. ಲಾರಿಗೆ ಹೋಗಿಬರಲು 300 ಕಿ.ಮೀ. ಹಾಳು ರಸ್ತೆಯಲ್ಲಿ ಸರಾಸರಿ 25 ಕಿ.ಮೀ. ವೇಗವೆಂದರೆ 12 ಗಂಟೆ. ತುಂಬಿಸಿ ಖಾಲಿ ಮಾಡುವ ಹೊತ್ತು ಸೇರಿದರೆ ದಿನಕ್ಕೆ ಒಂದೇ ಟ್ರಿಪ್. ನಿನ್ನೆ ದೂರ ಅರ್ಧದಷ್ಟಿದ್ದಾಗ ಅದೇ ಲಾರಿ ಎರಡು ಟ್ರಿಪ್ ಹೊಡೆಯುತ್ತಿತ್ತು. ದೂರ ದುಪ್ಪಟ್ಟಾದರೆ ಲಾರಿಯೂ ದುಪ್ಪಟ್ಟು ಬೇಕು, ಆದರೆ ಲಾರಿ ಇರುವುದು ಅಷ್ಟೇ. ಜನರಲ್ ಪ್ಯಾಟನ್‌ರ ಥರ್ಡ್ ಆರ್ಮಿ 1944ರ ಆಗಸ್ಟ್ ಕೊನೆಯಲ್ಲಿ ಫ್ರಾನ್ಸಿನಲ್ಲಿ ನಿಂತುಹೋದದ್ದು ಹೀಗೆ. ರೆಡ್ ಬಾಲ್ ಎಕ್ಸ್‌ಪ್ರೆಸ್ ಎಂದು ಸಾವಿರಾರು ಲಾರಿಗಳನ್ನು ಏಕಮುಖ ರಸ್ತೆಯಲ್ಲಿ ಹಗಲೂ ರಾತ್ರಿ ಓಡಿಸಿದರೂ ಪೂರೈಸಲಿಲ್ಲ.

ಸಾಲಿನ ಉದ್ದವನ್ನೂ ಹಾಕಿ ನೋಡಿ. 1,000 ವಾಹನ, ನಡುವೆ 50 ಮೀಟರ್ ಅಂತರ: 50 ಕಿ.ಮೀ. ಸಾಲು. ತಲೆ ರಾಮನಗರದಲ್ಲಿದ್ದರೆ ಬಾಲ ಬೆಂಗಳೂರಿನಲ್ಲೇ ಇರುತ್ತದೆ. 20 ಕಿ.ಮೀ. ವೇಗದಲ್ಲಿ ಒಂದು ಜಾಗ ದಾಟಲು ಎರಡೂವರೆ ಗಂಟೆ. 2022ರ ಫೆಬ್ರವರಿ ಕೊನೆಯಲ್ಲಿ ಕೀವ್ ಕಡೆ ಹೊರಟ ರಷ್ಯನ್ ಸಾಲು ಸುಮಾರು 64 ಕಿ.ಮೀ. ಉದ್ದವಿತ್ತು. ಹೊಲ ಕೆಸರಾಗಿತ್ತು, ಪಕ್ಕಕ್ಕೆ ಇಳಿಯುವಂತಿಲ್ಲ. ಉಕ್ರೇನಿಯನ್ನರು ಅಣೆಕಟ್ಟು ಒಡೆದು ಇರ್ಪಿನ್ ನದಿಯ ಬಯಲಿಗೆ ನೀರು ಬಿಟ್ಟಿದ್ದರು. ತಲೆ ನಿಂತಿತು, ಹಿಂದಿನದೆಲ್ಲ ಇದ್ದಲ್ಲೇ ಇಂಧನ ಸುಟ್ಟಿತು. ಡೊಮ್ಲೂರು ಕಡೆಯ ಎಎಸ್‌ಸಿ (ಸೇನೆಯ ಸರಬರಾಜು ದಳ) ಸೆಂಟರ್ ಮುಂದೆ ಹಾದುಹೋಗುವವರಿಗೆ ಅಲ್ಲಿ ಏನು ಕಲಿಸುತ್ತಾರೆ ಎಂಬ ಕುತೂಹಲ ಇದ್ದರೆ, ಈ ಲೆಕ್ಕವೂ ಅದರಲ್ಲಿ ಒಂದು.

ಪ್ರಶ್ನೆ (ಮಲ್ಲೇಶ್ವರ): ಲೋಂಗೆವಾಲಾದಲ್ಲಿ ಸುಮಾರು 120 ಜನರ ಒಂದು ಕಂಪನಿ ಟ್ಯಾಂಕ್ ದಳವನ್ನು ಹೇಗೆ ತಡೆಯಿತು?

ಉತ್ತರ: ಪಂಜಾಬ್ ರೆಜಿಮೆಂಟಿನ ಆ ಕಂಪನಿಯ ಧೈರ್ಯ ದೊಡ್ಡದು, ಅದರ ಮಾತೇ ಬೇಡ. ಆದರೆ ಎದುರಾಳಿಯ ತಪ್ಪುಗಳೂ ಸಣ್ಣವಲ್ಲ. 1971ರ ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನಿ ಟ್ಯಾಂಕುಗಳು ತಮ್ಮ ವಾಯುಪಡೆಯ ನೆರಳಿಲ್ಲದೆ ಬಂದವು. ಮೃದು ಮರಳಿನಲ್ಲಿ ಚೈನ್ ಹೂತು ಎಂಜಿನ್ ಕಾದವು. ತಂತಿ ಬೇಲಿ ಕಂಡ ಕೂಡಲೇ ಮುಂದೆ ನೆಲಬಾಂಬ್ ಇರಬೇಕೆಂದು ಅಂಜಿ ಎಂಜಿನಿಯರ್‌ಗಳಿಗಾಗಿ ಕಾದು ನಿಂತರು. ಅಲ್ಲಿ ಅಂಥ ದೊಡ್ಡ ಬಾಂಬ್ ಹಾಸೇನೂ ಇರಲಿಲ್ಲ. ಕತ್ತಲೆಯ ಬೆಲೆಬಾಳುವ ಗಂಟೆಗಳು ಕೈಜಾರಿದವು. ರಾತ್ರಿ ಹಾರಲಾಗದ ನಮ್ಮ ಹಂಟರ್ ವಿಮಾನಗಳು ಬೆಳಕು ಹರಿಯುತ್ತಲೇ ಜೈಸಲ್ಮೇರ್‌ನಿಂದ ಬಂದವು. ಮರಳಿನ ಮೇಲೆ ಚೈನಿನ ಗುರುತೇ ದಾರಿ ತೋರಿಸುತ್ತಿತ್ತು. 1965ರಲ್ಲಿ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳ ಗತಿಯೂ ಇಂಥದ್ದೇ. ಹೊಲಕ್ಕೆ ನೀರು ಬಿಟ್ಟಿದ್ದರು, ಕಬ್ಬಿನ ಗದ್ದೆಯ ಮರೆಯಲ್ಲಿ ನಮ್ಮ ಸೆಂಚುರಿಯನ್‌ಗಳು ಮತ್ತು ಜೀಪಿನ ಮೇಲಿನ 106 ಮಿ.ಮೀ. ಗನ್‌ಗಳು ಕಾದು ಕೂತಿದ್ದವು.

ಪ್ರಶ್ನೆ (ಜಾಲಹಳ್ಳಿ): ನಮ್ಮ ಬಿಇಎಲ್ ರೇಡಿಯೊ ಮಾಡುತ್ತದೆ. ಶತ್ರು ಜಾಮ್ ಮಾಡಿದರೆ ಟ್ಯಾಂಕುಗಳ ಗತಿ ಏನು?

ಉತ್ತರ: ವೇಗ ಕುಸಿಯುತ್ತದೆ, ಆದರೆ ಪೂರ್ತಿ ನಿಲ್ಲಬಾರದು. ಹೊರಡುವ ಮೊದಲೇ ಯಾವ ಗುಡ್ಡ, ಯಾವ ಕಾಲುವೆ, ಎಷ್ಟು ಹೊತ್ತಿಗೆ, ಕೈಗೂಡದಿದ್ದರೆ ಯಾವ ದಾರಿ ಎಂದು ಎಲ್ಲ ಟ್ರೂಪ್ ಲೀಡರ್‌ಗಳಿಗೂ ಹೇಳಿರಬೇಕು. ಟ್ರೂಪಿನ ಮೂರು ಟ್ಯಾಂಕುಗಳು ಒಂದನ್ನೊಂದು ಕಣ್ಣಲ್ಲೇ ಕಂಡು ಬಾವುಟ, ಕೈಸನ್ನೆಯಲ್ಲಿ ನಡೆಯುವ ಅಭ್ಯಾಸ ಈಗಲೂ ಬೇಕು. ಜಾಮಿಂಗ್‌ಗಿಂತ ದೊಡ್ಡ ಅಪಾಯ ಬೇರೆ ಇದೆ. ಒಂದೇ ಜಾಗದಿಂದ ಹೆಚ್ಚು ಹೊತ್ತು ರೇಡಿಯೊ ಮಾತಾಡಿದರೆ ಶತ್ರುವಿಗೆ ಆ ಜಾಗ ಸಿಕ್ಕಿಬಿಡುತ್ತದೆ, ಫಿರಂಗಿ ಗುಂಡು ಅಲ್ಲಿಗೇ ಬೀಳುತ್ತದೆ. ಅದಕ್ಕೇ ಆಂಟೆನಾ ಕಮಾಂಡ್ ಪೋಸ್ಟಿನಿಂದ ದೂರ, ಮಾತು ಚಿಕ್ಕದು, ಜಾಗ ಬದಲಾಗುತ್ತಲೇ ಇರಬೇಕು.

ಪ್ರಶ್ನೆ (ಹಲಸೂರು): ನಮ್ಮ ಮನೆ ಎಂಇಜಿ ಸೆಂಟರ್‌ಗೆ ಹತ್ತಿರ. ಟ್ಯಾಂಕ್ ಯುದ್ಧದಲ್ಲಿ ಈ ಸ್ಯಾಪರ್‌ಗಳಿಗೆ ಏನು ಕೆಲಸ?

ಉತ್ತರ: ಸ್ಯಾಪರ್ ಎಂದರೆ ಸೇನೆಯ ಎಂಜಿನಿಯರ್ ಸೈನಿಕರು. ಟ್ಯಾಂಕಿಗೆ ದಾರಿ ಮಾಡುವವರೇ ಅವರು. ನೆಲಬಾಂಬ್ ಹಾಸಿನಲ್ಲಿ ಓಣಿ ತೆರೆಯುವ ಕ್ರಮವನ್ನು ನೋಡಿ. ಮೊದಲು ಗಸ್ತು ತಂಡ ಹಾಸಿನ ಅಂಚು ಎಲ್ಲಿ, ಆಳ ಎಷ್ಟು ಎಂದು ಪತ್ತೆ ಮಾಡಬೇಕು. ಹಾಸಿನ ಆಚೆಯ ಟ್ಯಾಂಕ್ ನಿರೋಧಕ ಗನ್‌ಗಳನ್ನು ನಮ್ಮ ಫಿರಂಗಿ ತಲೆ ಎತ್ತಲು ಬಿಡಬಾರದು. ಹೊಗೆಯ ಪರದೆ ಎಬ್ಬಿಸಬೇಕು. ಆಮೇಲೆ ರಾಕೆಟ್‌ನಿಂದ ಸ್ಫೋಟಕದ ಪೈಪ್ ಎಸೆದು ಸಿಡಿಸುತ್ತಾರೆ. ಒಂದು ಸಲಕ್ಕೆ ಸುಮಾರು 100 ಮೀಟರ್ ತೆರೆಯುತ್ತದೆ. ಅದರ ಮೇಲೆ ಮುಂದೆ ನೇಗಿಲು ಅಥವಾ ಉರುಳೆ ಕಟ್ಟಿದ ಟ್ಯಾಂಕ್ ನಿಧಾನವಾಗಿ ಹೋಗಿ ಉಳಿದ ಬಾಂಬ್ ಪಕ್ಕಕ್ಕೆ ತಳ್ಳಬೇಕು, ಇಲ್ಲವೇ ಸಿಡಿಸಬೇಕು. ಹಿಂದೆಯೇ ಓಣಿಯ ಎರಡೂ ಅಂಚಿಗೆ ಬಾವುಟ, ರಾತ್ರಿಯಾದರೆ ಮಿಣುಕು ದೀಪ. ಒಂದೇ ಓಣಿ ಸಾಲದು, ಕನಿಷ್ಠ ಎರಡು ಬೇಕು. ಒಂದರಲ್ಲಿ ಟ್ಯಾಂಕ್ ಕೆಟ್ಟು ನಿಂತರೆ ಹಿಂದಿನ ಎಲ್ಲವೂ ಸಾಲಾಗಿ ಗುರಿ ಆಗುತ್ತವೆ.

ನದಿ, ಕಾಲುವೆಗೆ ಸೇತುವೆ. ನಮ್ಮ ಸರ್ವತ್ರ ಸೇತುವೆಯಲ್ಲಿ ಒಂದು ಟಾಟ್ರಾ ಲಾರಿ 15 ಮೀಟರ್ ತುಂಡು ಹೊರುತ್ತದೆ. ಐದು ಲಾರಿ ಸೇರಿಸಿದರೆ 75 ಮೀಟರ್. ಕೆಲಸ ಕೆಡುವುದು ಸಾಮಾನ್ಯವಾಗಿ ಸೇತುವೆಯಲ್ಲಲ್ಲ, ಎರಡೂ ತುದಿಯ ದಡದಲ್ಲಿ. ಮೊದಲ ಹತ್ತು ಟ್ಯಾಂಕ್ ಏರುವಷ್ಟರಲ್ಲಿ ಒದ್ದೆ ಮಣ್ಣು ಕೊಚ್ಚೆಯಾಗಿ ಹನ್ನೊಂದನೆಯದು ಹೂತುಹೋಗುತ್ತದೆ. ದಡಕ್ಕೆ ಹಾಸಲು ಲೋಹದ ಹಲಗೆ, ಎಳೆಯಲು ರಿಕವರಿ ಗಾಡಿ ಹತ್ತಿರವೇ ಇರಬೇಕು. 2022ರ ಮೇ ತಿಂಗಳಲ್ಲಿ ಬಿಲೊಹೊರಿವ್ಕಾ ಬಳಿ ರಷ್ಯನ್ನರು ತೇಲು ಸೇತುವೆ ಹಾಕಿದ ಜಾಗ ಉಕ್ರೇನಿನ ಡ್ರೋನ್‌ಗಳಿಗೆ ಕಂಡಿತು. ಎರಡೂ ದಡದಲ್ಲಿ ಒತ್ತಾಗಿ ನಿಂತ ಡಜನ್‌ಗಟ್ಟಲೆ ವಾಹನ ಫಿರಂಗಿಗೆ ಬಲಿಯಾದವು.

ಕಾಯಬೇಕೋ ನುಗ್ಗಬೇಕೋ ಎಂಬ ತೀರ್ಮಾನಕ್ಕೆ 1971ರ ಬಸಂತರ್ ಉದಾಹರಣೆ. ಸ್ಯಾಪರ್‌ಗಳು ಓಣಿಯನ್ನು ಇನ್ನೂ ಪೂರ್ತಿ ತೆರೆದಿರಲಿಲ್ಲ. ಆಚೆ ಪದಾತಿಯವರ ಮೇಲೆ ಶತ್ರು ಟ್ಯಾಂಕ್ ಬರುತ್ತಿದೆ ಎಂಬ ಸುದ್ದಿ ಬಂತು. ನಮ್ಮ ಟ್ಯಾಂಕ್ ರೆಜಿಮೆಂಟ್ ಪೂನಾ ಹಾರ್ಸ್ ಉಳಿದ ಹಾಸಿನ ಮೇಲೆಯೇ ಹೋಯಿತು. 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಪರಮವೀರ ಚಕ್ರ ಪಡೆದದ್ದು ಮರುದಿನದ ಕಾಳಗದಲ್ಲಿ, ಮರಣೋತ್ತರವಾಗಿ. ಹೀಗೆ ನುಗ್ಗುವುದನ್ನು ನಿಯಮ ಮಾಡಿಕೊಳ್ಳಲಾಗದು.

ಪ್ರಶ್ನೆ (ವಿಜಯನಗರ): ರಷ್ಯನ್ ಟ್ಯಾಂಕಿನ ಟರೆಟ್ ಗಾಳಿಗೆ ಹಾರುವ ವಿಡಿಯೊಗಳು ಬರುತ್ತವಲ್ಲ, ಏಕೆ?

ಉತ್ತರ: ಟಿ-72, ಟಿ-90ರಲ್ಲಿ ಗುಂಡು ತುಂಬುವ ಯಂತ್ರದ ಚಕ್ರ ಟರೆಟ್‌ನ ಅಡಿಯಲ್ಲೇ ಇದೆ. 22 ಗುಂಡು, ಅವುಗಳ ಮದ್ದು ಅಲ್ಲಿ. ಉಳಿದವು ಒಡಲಲ್ಲಿ ಅಲ್ಲಲ್ಲಿ. ಕವಚ ತೂರಿ ಕಿಡಿ ತಾಗಿದರೆ ಮದ್ದು ಒಟ್ಟಿಗೇ ಹೊತ್ತಿ ಟರೆಟ್ ಕಿತ್ತೆಸೆಯುತ್ತದೆ. ಚಕ್ರದಲ್ಲಿರುವಷ್ಟೇ ಒಯ್ದು ಬಿಡಿ ಗುಂಡು ಬಿಟ್ಟುಬಂದರೆ ಅಪಾಯ ಕಡಿಮೆ, ಆದರೆ ಮದ್ದಿನ ಲಾರಿ ಬೇಗ ಮುಂದೆ ಬರಬೇಕಾಗುತ್ತದೆ. ಅಮೆರಿಕದ ಅಬ್ರಾಮ್ಸ್ ಟ್ಯಾಂಕಿನಲ್ಲಿ ಗುಂಡು ಬೇರೆ ಕೋಣೆಯಲ್ಲಿ, ಬಾಗಿಲಿನ ಆಚೆ. ಸ್ಫೋಟ ಮೇಲಕ್ಕೆ ಹೋಗುವಂತೆ ತೆಳು ಮುಚ್ಚಳ. ಆದರೆ ಜರ್ಮನಿಯ ಲೆಪರ್ಡ್ 2 ಒಡಲಲ್ಲೂ ಗುಂಡು ಇಡುತ್ತದೆ. ಸಿರಿಯಾದ ಅಲ್-ಬಾಬ್‌ನಲ್ಲಿ ಟರ್ಕಿಯ ಲೆಪರ್ಡ್‌ಗಳು ಅದರ ಬೆಲೆ ತೆತ್ತವು.

ಪ್ರಶ್ನೆ (ಯಲಹಂಕ): ಕೆಲವು ಸಾವಿರ ರೂಪಾಯಿಯ ಡ್ರೋನ್ ಕೋಟಿಗಟ್ಟಲೆ ಬೆಲೆಯ ಟ್ಯಾಂಕ್ ಹೊಡೆಯುತ್ತಿದೆ. ಟ್ಯಾಂಕಿನ ಕಾಲ ಮುಗಿಯಿತೇ?

ಉತ್ತರ: 1973ರಲ್ಲೂ ಇದೇ ಮಾತು ಕೇಳಿಬಂತು. ಸಿನಾಯ್‌ನಲ್ಲಿ ಪದಾತಿ, ಫಿರಂಗಿಯ ಸಾಥ್ ಇಲ್ಲದೆ ನುಗ್ಗಿದ ಇಸ್ರೇಲಿ ಟ್ಯಾಂಕುಗಳನ್ನು ಈಜಿಪ್ಟಿನ ಸೈನಿಕರು ಸಾಗರ್ ಕ್ಷಿಪಣಿ, ಆರ್‌ಪಿಜಿ-7ರಿಂದ ಸುಟ್ಟರು. ವಾರದೊಳಗೆ, ಅಕ್ಟೋಬರ್ 14ರಂದು, ತಮ್ಮ ವಿಮಾನ ನಿರೋಧಕ ಕ್ಷಿಪಣಿಗಳ ಆಸರೆ ಬಿಟ್ಟು ಮುಂದೆ ಬಂದ ಈಜಿಪ್ಟಿನ ಟ್ಯಾಂಕುಗಳಿಗೂ ಅದೇ ಗತಿ ಆಯಿತು. ಆಯುಧ ಯಾವುದಾದರೂ ಇರಲಿ, ಒಂಟಿಯಾಗಿ ಹೋದ ಟ್ಯಾಂಕ್ ಸಾಯುತ್ತದೆ.

ಈಗಿನ ತೊಡಕು ಬೇರೆ ಥರದ್ದು. 2023ರ ಜೂನ್‌ನಲ್ಲಿ ಉಕ್ರೇನಿನ ಲೆಪರ್ಡ್ ಟ್ಯಾಂಕುಗಳು, ಪದಾತಿ ಸೈನಿಕರನ್ನು ಹೊರುವ ಬ್ರಾಡ್ಲಿ ಗಾಡಿಗಳು ಮಾಲಾ ಟೊಕ್‌ಮಾಚ್ಕಾ ಬಳಿ ಕೆಟ್ಟು ನಿಂತದ್ದನ್ನು ನೋಡಿ. ಮೊದಲು ನೆಲಬಾಂಬ್ ಚೈನ್ ಕಿತ್ತಿತು. ಓಣಿ ಒಂದೇ, ಹಿಂದಿನವು ತಿರುಗಲಾರದೆ ಒತ್ತಾದವು. ಆಮೇಲೆ ಹೆಲಿಕಾಪ್ಟರ್, ಫಿರಂಗಿ. ತೆರೆದ ಓಣಿಯ ಮೇಲೆ ರಾಕೆಟ್‌ನಿಂದ ಹೊಸ ಬಾಂಬ್ ಸುರಿಯುವ ಉಪಾಯವೂ ರಷ್ಯನ್ನರ ಕೈಯಲ್ಲಿತ್ತು. ಡ್ರೋನ್ ಇದೆಲ್ಲದಕ್ಕೂ ಕಣ್ಣು. ಹಿಂದಿನ ದಿನ ಎಲ್ಲಿ ಗಾಡಿ ಸೇರುತ್ತಿವೆ ಎಂಬುದೇ ಕಾಣುವಾಗ ಹಠಾತ್ ದಾಳಿ ಎಂಬುದು ಉಳಿಯುವುದಿಲ್ಲ.

ಆದರೆ 2022ರ ಸೆಪ್ಟೆಂಬರ್‌ನಲ್ಲಿ ಖಾರ್ಕಿವ್ ಕಡೆ ಅದೇ ಉಕ್ರೇನ್ ಕೆಲವೇ ದಿನಗಳಲ್ಲಿ ಬಲಾಕ್ಲಿಯಾದಿಂದ ಕುಪಿಯಾನ್ಸ್ಕ್‌ವರೆಗೆ ಹೋಯಿತು. ಅಲ್ಲಿ ರಷ್ಯನ್ ಸಾಲು ತೆಳು, ಹಿಂದೆ ಮೀಸಲು ಪಡೆ ಇಲ್ಲ, ಬಾಂಬ್ ಹಾಸಿನ ಆಳವೂ ಇಲ್ಲ. ಉಕ್ರೇನಿಯನ್ನರು ಗಟ್ಟಿ ಊರುಗಳನ್ನು ಸುತ್ತುವರಿದು ಬಿಟ್ಟು ಜೀಪು, ಹಗುರ ಗಾಡಿಗಳಲ್ಲಿ ರಸ್ತೆ ಕೂಡುವ ಜಾಗಗಳಿಗೆ ಹೋದರು. ವೇಗದ ದಾಳಿ ಸತ್ತಿಲ್ಲ, ಅದಕ್ಕೆ ಬೇಕಾದ ತೆಳು ಜಾಗ ಈಗ ಅಪರೂಪ, ಅಷ್ಟೇ.

ನಮ್ಮಂಥ ಸೇನೆಗೆ ಇದರಿಂದ ಬರುವ ಕೆಲಸ ಸ್ಪಷ್ಟ. ಸ್ಕ್ವಾಡ್ರನ್ ಒಂದೆಡೆ ಸೇರಬಾರದು, ಎರಡು ಮೂರು ಟ್ಯಾಂಕುಗಳಾಗಿ ಚದುರಿ ನಿಂತು ಹೊಡೆಯುವ ಹೊತ್ತಿಗೆ ಕೂಡಬೇಕು. ಪ್ರತಿ ಸ್ಕ್ವಾಡ್ರನ್‌ಗೂ ತನ್ನದೇ ಡ್ರೋನ್ ತಂಡ, ಜಾಮರ್, ಡ್ರೋನ್ ಹೊಡೆಯುವ ಗನ್ ಬೇಕು. ಟರೆಟ್ ಮೇಲೆ ಕಟ್ಟುವ ಕಬ್ಬಿಣದ ಜಾಲಿ ಸ್ವಲ್ಪ ತಡೆಯುತ್ತದೆ, ಆದರೆ ಭಾರವಾಗುತ್ತದೆ, ಕಮಾಂಡರ್‌ನ ಕಣ್ಣಿಗೆ ಅಡ್ಡ ಬರುತ್ತದೆ. ಟ್ಯಾಂಕಿಗಿಂತ ಸುಲಭದ ಬೇಟೆ ಹಿಂದಿನ ಡೀಸೆಲ್ ಲಾರಿ. ಅದಕ್ಕೆ ಕವಚವೇ ಇಲ್ಲ. ಇಂಧನ ತುಂಬಿಸುವ ಜಾಗವನ್ನು ದಾಳಿ ಡ್ರೋನ್‌ಗಳು ಸುಲಭವಾಗಿ ಮುಟ್ಟದಷ್ಟು ಹಿಂದೆ, ಮರದಡಿ, ಚಿಕ್ಕ ಚಿಕ್ಕ ಗುಂಪಾಗಿ, ರಾತ್ರಿ ಮಾತ್ರ ನಡೆಸಬೇಕು. ಹಾಗೆ ಮಾಡಿದರೆ ಮೇಲೆ ಹಾಕಿದ ಲಾರಿ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಪ್ರಶ್ನೆ (ಕೋರಮಂಗಲ, ಮೂಲತಃ ಮಡಿಕೇರಿ): ಲಡಾಖ್‌ನಂಥ ಎತ್ತರದಲ್ಲಿ ಟ್ಯಾಂಕ್ ಕೆಲಸ ಮಾಡುತ್ತದೆಯೇ?

ಉತ್ತರ: ನಿಮ್ಮೂರಿನವರೇ ಆದ ಜನರಲ್ ತಿಮ್ಮಯ್ಯ ಮಾಡಿಸಿ ತೋರಿಸಿದ್ದಾರೆ. 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆ ದಾರಿಯಲ್ಲಿ 7 ಲೈಟ್ ಕ್ಯಾವಲ್ರಿಯ ಸ್ಟೂಅರ್ಟ್ ಟ್ಯಾಂಕುಗಳು ಕಾಣಿಸಿದಾಗ ಎದುರಾಳಿಗಳು ದಿಗ್ಭ್ರಮೆಗೊಂಡರು. ಟರೆಟ್ ಬಿಚ್ಚಿ ಗುಟ್ಟಾಗಿ ಸಾಗಿಸಿದ್ದರು. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗುವ ದಾರಿಯನ್ನು ಅಗಲ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್, ಹಲಸೂರಿನ ಎಂಇಜಿಯವರೇ. ಈಗ ಅಲ್ಲಿ ಟಿ-72, ಟಿ-90 ಇವೆ. 25 ಟನ್‌ನ ಜೋರಾವರ್ ಹಗುರ ಟ್ಯಾಂಕ್ ತಯಾರಾಗುತ್ತಿದೆ. ತೊಂದರೆ ಎರಡು: ತೆಳು ಗಾಳಿಗೆ ಎಂಜಿನ್ ಶಕ್ತಿ ಇಳಿಯುತ್ತದೆ, ಚಳಿಗೆ ಸಾಧಾರಣ ಡೀಸೆಲ್ ಮೇಣದಂತೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಅದಕ್ಕೆ ಚಳಿಗಾಲದ ಬೇರೆ ಇಂಧನ, ತೆಳು ಎಣ್ಣೆ ಬೇಕು. ರಾತ್ರಿಯಿಡೀ ಆಗಾಗ ಎಂಜಿನ್ ಚಾಲೂ ಮಾಡಿ ಬಿಸಿ ಇಡಬೇಕು. ಆ ಡೀಸೆಲ್ ಕೂಡ ಲಾರಿಯಲ್ಲಿ ಕಣಿವೆ ಹತ್ತಿಯೇ ಬರಬೇಕು, ಹಿಮ ಬಿದ್ದು ದಾರಿ ಮುಚ್ಚುವ ಮೊದಲು.