ತೂಕದ ಯಂತ್ರ, ಬಿಲ್ ಪ್ರಿಂಟರ್: ಎರಡಕ್ಕೂ ಕಾಮ್ 3 ಜಗಳ

ಬ್ಯಾಡಗಿ ಮೆಣಸಿನಕಾಯಿ ಅಂಗಡಿಯವ್ರಿಗೆ: ತೂಕದ ಯಂತ್ರದ ವೈರ್ ಬ್ಯಾರೆ ಯುಎಸ್‌ಬಿಗೆ ಸರಿಸಿ, ಆ ಜಾಗಾದಾಗ ಹೊಸ ಬಿಲ್ ಪ್ರಿಂಟರ್ ಹಚ್ಚಿದ ಮ್ಯಾಲೆ ತೂಕ ಬರವಲ್ದು, ಕಾಮ್ 3 (ಕಂಪ್ಯೂಟರ್ ಆ ಜೋಡಣೆಗೆ ಕೊಟ್ಟ ಪೋರ್ಟ್ ನಂಬರ್) 'ಆಕ್ಸೆಸ್ ಡಿನೈಡ್', ಅಂದ್ರ ಪ್ರವೇಶ ಇಲ್ಲ, ಅಂತದ ಅಂದ್ರಿ. ಯಂತ್ರ ಕೆಟ್ಟಿಲ್ರಿ.

ಎರಡರ ಕನ್ವರ್ಟರ್‌ನಾಗೂ (ಯಂತ್ರದ ವೈರನ್ನ ಯುಎಸ್‌ಬಿಗೆ ಹೊಂದಿಸೂ ತುಣುಕು) ಸಿಎಚ್340 ಅನ್ನೂ ಚಿಪ್ ಇರಬೇಕು. ಅಗ್ಗದ ಈ ಚಿಪ್ಪಿಗೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರೂದಿಲ್ಲ, ವಿಂಡೋಸ್ ಅದನ್ನ ಚುಚ್ಚಿದ ತೂತಿನ ಮ್ಯಾಲೆ ಗುರುತಿಸ್ತದ. ಹಿಂಗಾಗಿ ಹಳೇ ತೂತಿನ ಕಾಮ್ 3 ಪ್ರಿಂಟರಿಗೆ ಹೋತು, ತೂಕಕ್ಕ ಹೊಸ ನಂಬರ್ ಬಂತು. ಪ್ರಿಂಟರ್ ಸಾಫ್ಟ್‌ವೇರ್ ಹಿಡಕೊಂಡ ಪೋರ್ಟನ್ನ ಇನ್ನೊಂದು ಸಾಫ್ಟ್‌ವೇರ್ ತೆಗಿಯಾಕ ಬರೂದಿಲ್ಲ.

ಬಿಲ್ಲಿಂಗ್ ಬಂದ್ ಮಾಡಿ, ಎರಡೂ ವೈರ್ ಅದಲು ಬದಲು ಮಾಡ್ರಿ. ತೂಕ ಮತ್ತ ಕಾಮ್ 3ಕ್ಕ ಬರ್ತದ. ಪ್ರಿಂಟರ್ ಸಾಫ್ಟ್‌ವೇರ್‌ನಾಗ ಕಾಮ್ 3 ಅಂತ ಇದ್ರ, ಅಲ್ಲಿ ಪ್ರಿಂಟರಿನ ಈಗಿನ ನಂಬರ್ ಹಾಕ್ರಿ. ಬಹುತೇಕ ಅಷ್ಟಕ್ಕ ಮುಗೀತದ. ಆಮ್ಯಾಲೆ ತೂತಿನ ಪಕ್ಕ ಚೀಟಿ ಹಚ್ಚ್ರಿ, ಇಲ್ಲಾಂದ್ರ ಕಸಾ ಹೊಡಿಯೋರು ಮತ್ತ ಅದಲಿಬದಲಿ ಮಾಡ್ತಾರ!

ಜಾಗಾ ಬದಲಿಸಾಕ ಆಗದಿದ್ರ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಾಗ (ಜೋಡಿಸಿದ ಸಾಮಾನಿನ ಪಟ್ಟಿ) 'ಪೋರ್ಟ್ಸ್' ತೆಗೀರಿ. ತೂಕದ ವೈರ್ ಕಿತ್ತಾಗ ಯಾವ ಸಾಲು ಮಾಯ ಆಗ್ತದೋ ಅದ ನಿಮ್ಮ ಯಂತ್ರ. ವಾಪಸ್ ಚುಚ್ಚಿ, ಆ ನಂಬರನ್ನ ಬಿಲ್ಲಿಂಗ್ ಸೆಟ್ಟಿಂಗ್‌ನಾಗ ಹಾಕ್ರಿ. ಬಾಡ್ ರೇಟ್ (ಮಾಹಿತಿ ಕಳಿಸೂ ವೇಗ) ಯಂತ್ರದಾಗ ಇದ್ದಷ್ಟ ಇರಲಿ, 9600 ಇದ್ರ 9600. ತಪ್ಪಿದ್ರ ತೂಕದ ಬದಲಿ ಅಡ್ಡಾದಿಡ್ಡಿ ಅಕ್ಷರ ಬರ್ತಾವ.