ಕಾಯಿನ್ ಪುಷರ್‌ನಲ್ಲಿ (ನಾಣ್ಯ ಹಾಕಿ, ಮುಂದಿನ ಅಂಚಿನಿಂದ ಬಿದ್ದ ನಾಣ್ಯಗಳನ್ನು ಗೆಲ್ಲುವ ಆಟದ ಯಂತ್ರ) ಅಂಚಿಗೆ ಬಂದ ನಾಣ್ಯ ಯಾಕೆ ಬೀಳುವುದಿಲ್ಲ? ಅಂಟು ಹಾಕಿರುತ್ತಾರಾ?

ಅಂಟು ಬೇಕಾಗಿಯೇ ಇಲ್ಲ. ಒಳಗೆ ಎರಡು ತಟ್ಟೆಗಳಿರುತ್ತವೆ. ಕೆಳಗಿನದು ಅಲುಗುವುದಿಲ್ಲ, ಮೇಲಿನದನ್ನು ಮೋಟಾರು ಹಿಂದೆ ಮುಂದೆ ಓಡಿಸುತ್ತದೆ. ನೀವು ಹಾಕಿದ ನಾಣ್ಯ ಮೇಲಿನ ತಟ್ಟೆಗೆ ಬೀಳುತ್ತದೆ, ತಟ್ಟೆ ಹಿಂದೆ ಸರಿಯುವಾಗ ಹಿಂಬದಿಯ ಗೋಡೆ ಅಡ್ಡ ಸಿಕ್ಕಿ ಅಲ್ಲಿನ ಸಾಲನ್ನೆಲ್ಲ ತಡೆಯುತ್ತದೆ, ಹಾಗಾಗಿ ಮುಂದಿನ ಒಂದೆರಡು ಕೆಳಕ್ಕೆ ಉದುರುತ್ತವೆ. ತಟ್ಟೆ ಮತ್ತೆ ಮುಂದೆ ಬಂದಾಗ ಅದರ ಅಂಚೇ ಅವನ್ನು ನೂಕುತ್ತದೆ. ನಿಮ್ಮ ನಾಣ್ಯ ಇನ್ನೊಂದರ ಮೇಲೆ ಕುಳಿತರೆ ಮಾತ್ರ ಏನೂ ಆಗುವುದಿಲ್ಲ.

ನೂಕಿದ ಬಲವೆಲ್ಲ ಮುಂದಕ್ಕೆ ಹೋಗುವುದೂ ಇಲ್ಲ. ನಮ್ಮ ಕಾಸರಗೋಡಿನ ಅಂಗಳಗಳಲ್ಲಿ ಒಣಹಾಕಿದ ಅಡಿಕೆಯನ್ನು ಹಲಗೆಯಿಂದ ದೂಡಿ ನೋಡಿ, ಬದಿಗೂ ಹರಡುತ್ತದೆ, ಮೇಲಕ್ಕೂ ಏರುತ್ತದೆ ಅಲ್ವಾ? ಇಲ್ಲೂ ಅಷ್ಟೇ. ಹಿಂದಿನ ನಾಣ್ಯಗಳ ಭಾರ ಅಂಚಿನದ್ದರ ಬಾಲವನ್ನು ಒತ್ತಿ ಹಿಡಿಯುತ್ತದೆ, ಅದಕ್ಕೇ ಅರ್ಧಕ್ಕಿಂತ ಜಾಸ್ತಿ ಹೊರಗೆ ಚಾಚಿದರೂ ಅದು ಬೀಳುವುದಿಲ್ಲ.

ಯಂತ್ರದವರ ಲಾಭ ಇರುವುದು ಬದಿಗಳಲ್ಲಿ. ಎಡ ಬಲದಲ್ಲಿ ಸಂದು ಬಿಟ್ಟಿರುತ್ತಾರೆ, ಅಲ್ಲಿ ಬಿದ್ದದ್ದು ಅವರ ಪೆಟ್ಟಿಗೆಗೆ. ಗಾಜಿಗೆ ಬಡಿಯಬೇಡಿ, ಹೆಚ್ಚಿನವುಗಳಲ್ಲಿ ಅಲುಗಾಟ ಗುರುತಿಸುವ ಅಲಾರಂ ಇದೆ, ಸುಮ್ನೆ ಮರ್ಯಾದೆ ಹೋಗುತ್ತದೆ.